ಮರಳಿ ಬಂದ ಏದುಸಿರು

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಅದನ್ನು ಔಷಧಗಳ ಚರಿತ್ರೆಯಾಗಿಯೇ ಬರೆದಿದ್ದಾರೆ. ಯಾವ ವರ್ಷ ಯಾರು ಯಾವ ಕ್ರಿಮಿಯನ್ನು ಕಂಡರು, ಯಾವ ಮದ್ದು ಯಾವ ಪ್ರಯೋಗಶಾಲೆಯಿಂದ ಹೊರಬಂತು ಎಂಬುದೆಲ್ಲ ಅಲ್ಲಿ ಸವಿಸ್ತಾರವಾಗಿ ಸಿಗುತ್ತದೆ. ರೋಗಿ ವೈದ್ಯನ ಬಾಗಿಲಿಗೆ ಎಂದು ಬಂದ, ಯಾರು ಕರೆತಂದರು, ಬರುವ ಮೊದಲು ಮನೆಯಲ್ಲಿ ಏನೇನು ನಡೆಯಿತು ಎಂಬ ಭಾಗಕ್ಕೆ ಅಡಿಟಿಪ್ಪಣಿಯಲ್ಲಿಯೂ ಜಾಗ ಸಿಗುವುದು ಕಷ್ಟ. ಎಳೆಯ ಮಕ್ಕಳ ನ್ಯೂಮೋನಿಯಾದ ವಿಷಯದಲ್ಲಾದರೋ ಈ ಬಿಟ್ಟುಹೋದ ಭಾಗವೇ ಮುಖ್ಯವೆಂದು ನನಗೆ ತೋರುತ್ತದೆ.

ಈ ರೋಗಕ್ಕೆ ಮದ್ದು ಸಿಕ್ಕಿ ಎಂಬತ್ತು ವರ್ಷಗಳ ಮೇಲಾಯಿತು. ಆದರೂ 2019ನೆಯ ವರ್ಷವೊಂದರಲ್ಲಿಯೇ ಐದು ವರ್ಷ ತುಂಬದ ಸುಮಾರು 7 ಲಕ್ಷ 40 ಸಾವಿರ ಮಕ್ಕಳು ಇದರಿಂದ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಮದ್ದು ಇದ್ದೂ ಮಗು ಉಳಿಯದೆ ಹೋದರೆ, ಮದ್ದಿಗೂ ಮಗುವಿಗೂ ನಡುವಿನ ಹಾದಿಯನ್ನು ವಿಚಾರಿಸಬೇಕಾಗುತ್ತದೆ. ಒಮ್ಮೆ ಬಂದುಹೋದ ನ್ಯೂಮೋನಿಯಾ ಅದೇ ಮಗುವಿಗೆ ಎರಡನೆಯ ಸಲ, ಮೂರನೆಯ ಸಲ ಬಂದಾಗಲಂತೂ ಆ ಹಾದಿಯ ತಗ್ಗು ದಿಣ್ಣೆಗಳು ಇನ್ನೂ ಸ್ಪಷ್ಟವಾಗಿ ಕಾಣುತ್ತವೆ.

ಮಾತು ಬಾರದ ಕೂಸಿನ ನೋವನ್ನು ತಿಳಿಯುವುದು ಹೇಗೆ ಎಂಬ ಪ್ರಶ್ನೆ ನಮ್ಮವರಿಗೆ ಹಳೆಯದು. ನೇಪಾಳದಲ್ಲಿ ದೊರೆತು 1938ರಲ್ಲಿ ಅಚ್ಚಾದ ಕಾಶ್ಯಪಸಂಹಿತೆಯಲ್ಲಿ ಇದಕ್ಕಾಗಿಯೇ ವೇದನಾಧ್ಯಾಯವೆಂಬ ಭಾಗವಿದೆ. ತಲೆನೋವಾದರೆ ಮಗು ತಲೆಯನ್ನು ಅತ್ತಿತ್ತ ಹೊರಳಿಸುತ್ತದೆ, ಕಿವಿನೋವಾದರೆ ಕೈಯಿಂದ ಕಿವಿ ಮುಟ್ಟಿಕೊಳ್ಳುತ್ತದೆ ಎಂದು ಮುಂತಾಗಿ ಅಲ್ಲಿ ಒಂದೊಂದೇ ಲಕ್ಷಣವನ್ನು ಹೇಳಲಾಗಿದೆ. ಇಂಥ ಲಕ್ಷಣಗಳನ್ನು ಗ್ರಂಥಕರ್ತನು ಹೇಗೆ ಸಂಗ್ರಹಿಸಿರಬಹುದು? ಹಗಲಿರುಳು ಮಗುವಿನ ಬಳಿ ಇದ್ದವರನ್ನು ಕೇಳಿಯೇ ಇರಬೇಕು. ವೈದ್ಯನಿಗೆ ಮಗು ಕಾಣುವುದು ಅರ್ಧ ಗಳಿಗೆ. ತಾಯಿಗೆ ಅದು ಕಾಣುವುದು ಎಡೆಬಿಡದೆ.

ನ್ಯೂಮೋನಿಯಾದ ಲಕ್ಷಣವನ್ನೂ ನಮ್ಮ ತಾಯಂದಿರು ತಮ್ಮದೇ ರೀತಿಯಲ್ಲಿ ಕಂಡುಕೊಂಡಿದ್ದರು. ಹಿಂದಿ ಆಡುವ ಸೀಮೆಯಲ್ಲಿ ‘ಪಸ್ಲೀ ಚಲ್ನಾ’ ಎಂಬ ಮಾತಿದೆ. ಪಕ್ಕೆಲುಬು ಆಡುತ್ತಿದೆ ಎಂದು ಅದರ ಅರ್ಥ. ನಮ್ಮಲ್ಲಿಯೂ ‘ಮಗು ಏದುಸಿರು ಬಿಡುತ್ತಿದೆ’, ‘ಪಕ್ಕೆ ಗುಳಿ ಬೀಳುತ್ತಿದೆ’ ಎಂದು ಹಿರಿಯ ಹೆಂಗಸರು ಆತಂಕದಿಂದ ಹೇಳುವುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ನೋಟದಲ್ಲಿ ತಪ್ಪಿರಲಿಲ್ಲ, ಮಾಡುತ್ತಿದ್ದ ಉಪಾಯವಾದರೋ ಬೇರೆ. ಕೆಂಡದ ಮೇಲೆ ಬಾಡಿಸಿದ ದೊಡ್ಡಪತ್ರೆಯ ರಸಕ್ಕೆ ಜೇನು ಬೆರೆಸಿ ನೆಕ್ಕಿಸುವುದು, ಬಜೆ ತೇಯ್ದು ಕೊಡುವುದು, ದೃಷ್ಟಿ ತೆಗೆಯುವುದು, ತಾಯತ ಕಟ್ಟಿಸುವುದು ಇವೆಲ್ಲ ಒಂದೊಂದಾಗಿ ನಡೆದು, ಅಷ್ಟರಲ್ಲಿ ಎರಡು ಮೂರು ದಿನ ಕಳೆದಿರುತ್ತಿತ್ತು. ಕೆಲವು ಪ್ರಾಂತಗಳಲ್ಲಿ ಕಾಸಿದ ಕಬ್ಬಿಣದಿಂದ ಬರೆ ಹಾಕುವ ಘೋರ ಪದ್ಧತಿಯೂ ಇತ್ತು. ಅದು ಪೂರ್ತಿ ಹೋಗಿಲ್ಲ. ಮಧ್ಯಪ್ರದೇಶದ ಶಹಡೋಲ್ ಜಿಲ್ಲೆಯಲ್ಲಿ ನ್ಯೂಮೋನಿಯಾ ಆಗಿದ್ದ ಮೂರು ತಿಂಗಳ ಕೂಸಿಗೆ ಹೀಗೆ ಬರೆ ಹಾಕಿದ್ದೂ ಅದು ತೀರಿಕೊಂಡದ್ದೂ 2023ರಲ್ಲಿ ಪತ್ರಿಕೆಗಳಲ್ಲಿ ಬಂದವು. ಆ ಮನೆಯವರೂ ರೋಗವನ್ನು ಕಂಡಿದ್ದರು ಎಂಬುದನ್ನು ಮರೆಯಬಾರದು. ಕಂಡ ಕಣ್ಣಿಗೆ ಸರಿಯಾದ ಬಾಗಿಲನ್ನು ತೋರಿಸಿದವರಿರಲಿಲ್ಲ.

ಈಗ ಮದ್ದಿನ ಕಡೆಯ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಪ್ಯಾರಿಸಿನ ಲಾಯೆನೆಕ್ 1816ರಲ್ಲಿ ಕಾಗದವನ್ನು ಸುರುಳಿ ಸುತ್ತಿ ಎದೆಯ ಸದ್ದನ್ನು ಆಲಿಸಿದ. ಅದರಿಂದ ಸ್ಟೆತಾಸ್ಕೋಪು ಹುಟ್ಟಿತು. 1881ರಲ್ಲಿ ಫ್ರಾನ್ಸಿನಲ್ಲಿ ಪಾಶ್ಚರನೂ ಅಮೆರಿಕೆಯಲ್ಲಿ ಸ್ಟರ್ನ್‌ಬರ್ಗನೂ ಒಬ್ಬರಿಗೊಬ್ಬರು ತಿಳಿಯದಂತೆ, ಮುಂದೆ ನ್ಯುಮೋಕಾಕಸ್ ಎಂದು ಹೆಸರಾದ ಕ್ರಿಮಿಯನ್ನು ಬೇರ್ಪಡಿಸಿದರು. ಆದರೂ ಮದ್ದಿಗೆ 1938ರವರೆಗೆ ಕಾಯಬೇಕಾಯಿತು. ಆ ವರ್ಷ ಬರ್ಮಿಂಗ್‌ಹ್ಯಾಮಿನಲ್ಲಿ ಇವಾನ್ಸ್ ಮತ್ತು ಗೇಸ್‌ಫರ್ಡ್ ಎಂಬ ವೈದ್ಯರು ‘ಎಂ. ಅಂಡ್ ಬಿ. 693’ ಎಂಬ ಸಲ್ಫಾ ಗುಳಿಗೆಯನ್ನು ನ್ಯೂಮೋನಿಯಾ ರೋಗಿಗಳಿಗೆ ಕೊಟ್ಟು ನೋಡಿದರು. ಗುಳಿಗೆ ಇಲ್ಲದವರಲ್ಲಿ ನೂರಕ್ಕೆ 27 ಮಂದಿ ಸತ್ತರೆ, ಗುಳಿಗೆ ಪಡೆದವರಲ್ಲಿ ಸತ್ತವರು ನೂರಕ್ಕೆ 8. ಯುದ್ಧ ಮುಗಿಯುವ ವೇಳೆಗೆ ಪೆನಿಸಿಲಿನ್ ಬಂತು. ನಮ್ಮ ದೇಶದಲ್ಲಿಯೂ 1954ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದುಸ್ಥಾನ್ ಆಂಟಿಬಯಾಟಿಕ್ಸ್ ಕಾರ್ಖಾನೆ ಸ್ಥಾಪನೆಯಾಯಿತು. ಇನ್ನು ನ್ಯೂಮೋನಿಯಾದ ಕಾಲ ಮುಗಿಯಿತೆಂದೇ ಪಟ್ಟಣದ ಜನ ನಂಬಿದರು. ಆ ನಂಬಿಕೆ ಪಟ್ಟಣದ ಮಟ್ಟಿಗೆ ತಕ್ಕಮಟ್ಟಿಗೆ ನಿಜವೂ ಆಯಿತು.

ಇಷ್ಟರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಒಬ್ಬ ಮಕ್ಕಳ ವೈದ್ಯರು ಬೇರೆ ದಾರಿ ಹಿಡಿದಿದ್ದರು. ಸರ್ ಜೇಮ್ಸ್ ಸ್ಪೆನ್ಸ್ ಎಂದು ಅವರ ಹೆಸರು. ಕಾಯಿಲೆಯ ಮಗುವನ್ನು ತಾಯಿಯಿಂದ ಅಗಲಿಸಿ ವಾರ್ಡಿನಲ್ಲಿ ಮಲಗಿಸುವುದೇ ನಿಯಮವಾಗಿದ್ದ 1920ರ ದಶಕದಲ್ಲಿ, ಇವರು ತಾಯಂದಿರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಂಡು ಶುಶ್ರೂಷೆಯನ್ನು ಅವರ ಕೈಯಲ್ಲಿಯೇ ಮಾಡಿಸಿದರು. ಯುದ್ಧಾನಂತರ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1947ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಆ ನಗರದಲ್ಲಿ ಹುಟ್ಟಿದ 1,142 ಕೂಸುಗಳ ಮನೆಗಳಿಗೆ ವೈದ್ಯರನ್ನೂ ದಾದಿಯರನ್ನೂ ಕಳುಹಿಸಿ, ಪ್ರತಿಯೊಂದು ನೆಗಡಿ, ಕೆಮ್ಮು, ಜ್ವರವನ್ನೂ ಬರೆದಿಡಿಸಿದರು. 1954ರಲ್ಲಿ ಇದು ಒಂದು ಗ್ರಂಥವಾಗಿ ಬಂತು. ಅದೇ ವರ್ಷ ಸ್ಪೆನ್ಸ್ ತೀರಿಕೊಂಡರು.

ಆಸ್ಪತ್ರೆಯ ದಪ್ಪ ಪುಸ್ತಕದಲ್ಲಿ ಕಾಣದ ಒಂದು ಸಂಗತಿ ಈ ಮನೆಮನೆಯ ದಾಖಲೆಯಲ್ಲಿ ಕಾಣಿಸಿತು. ಆಸ್ಪತ್ರೆಗೆ ಬರುವ ಪ್ರತಿ ಕಾಯಿಲೆಯೂ ಅಲ್ಲಿಯವರಿಗೆ ಹೊಸ ಘಟನೆ. ಮನೆಯಲ್ಲಿ ಕುಳಿತು ನೋಡಿದಾಗ ಅದು ಒಂದು ಸರಣಿಯ ಕೊಂಡಿ. ಅದೇ ಮಗು, ಅದೇ ಕಿಕ್ಕಿರಿದ ಕೋಣೆ, ಮತ್ತೆ ಅದೇ ಕೆಮ್ಮು. ನೆಗಡಿ ಎದೆಗೆ ಇಳಿದದ್ದು ಇದು ಎಷ್ಟನೆಯ ಸಲವೆಂದು ಹೇಳಬಲ್ಲವಳು ಆ ತಾಯಿಯೊಬ್ಬಳೇ ಆಗಿದ್ದಳು.

ನಮ್ಮ ದೇಶದಲ್ಲಿ ಇದೇ ದಾರಿ ತುಳಿದವರು ಪಂಜಾಬಿನ ಲುಧಿಯಾನಾ ಜಿಲ್ಲೆಯ ನಾರಂಗ್‌ವಾಲ್ ಎಂಬ ಹಳ್ಳಿಯಲ್ಲಿ ಕೆಲಸ ಮಾಡಿದರು. ಮಸ್ಸೂರಿಯಲ್ಲಿ ಹುಟ್ಟಿದ ಅಮೆರಿಕನ್ ವೈದ್ಯ ಕಾರ್ಲ್ ಟೇಲರ್ ಅದರ ಮುಂದಾಳು. 1960ರ ದಶಕದಿಂದ 1974ರವರೆಗೆ ನಡೆದ ಆ ಯೋಜನೆಯಲ್ಲಿ ತರಬೇತಿ ಪಡೆದ ಹೆಂಗಸರು ಮನೆಮನೆಗೆ ಹೋಗಿ ಮಕ್ಕಳನ್ನು ನೋಡುತ್ತಿದ್ದರು. ನ್ಯೂಮೋನಿಯಾ ಎನಿಸಿದರೆ ಡಾಕ್ಟರರಿಗೆ ಕಾಯದೆ ಪೆನಿಸಿಲಿನ್ ಕೊಡುತ್ತಿದ್ದರು. ನ್ಯೂಮೋನಿಯಾದ ಸಾವು ಹೆಚ್ಚುಕಡಮೆ ಅರ್ಧಕ್ಕೆ ಇಳಿಯಿತೆಂದು 1978ರಲ್ಲಿ ಮೆಕ್‌ಕಾರ್ಡ್ ಮತ್ತು ಕೀಲ್ಮನ್ ಎಂಬವರು ವರದಿ ಮಾಡಿದರು.

ಆದರೆ ಎದೆಗೆ ಸ್ಟೆತಾಸ್ಕೋಪು ಇಡಲಾರದವರು ನೆಗಡಿಯನ್ನೂ ನ್ಯೂಮೋನಿಯಾವನ್ನೂ ಬೇರ್ಪಡಿಸುವುದು ಹೇಗೆ? ಇದಕ್ಕೆ ಉತ್ತರ ದೊರೆತದ್ದು ಪಪುವಾ ನ್ಯೂಗಿನಿಯ ಬೆಟ್ಟಸೀಮೆಯ ಗೊರೋಕಾ ಊರಿನಲ್ಲಿ. ಫ್ರಾಂಕ್ ಶಾನ್ ಎಂಬ ಆಸ್ಟ್ರೇಲಿಯದ ವೈದ್ಯರು ಅಲ್ಲಿ ಕೆಮ್ಮುವ ಮಕ್ಕಳ ಉಸಿರನ್ನು ಎಣಿಸಿದರು, ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತದೆಯೇ ಎಂದು ನೋಡಿದರು. 1984ರಲ್ಲಿ ಸಂಗಡಿಗರೊಡನೆ ಅವರು ಪ್ರಕಟಿಸಿದ ಲೇಖನದ ಸಾರ ಇಷ್ಟೇ: ಈ ಎರಡನ್ನು ನೋಡಿದರೆ ಬಹುಪಾಲು ನ್ಯೂಮೋನಿಯಾವನ್ನು ಗುರುತಿಸಬಹುದು. ಅಂದರೆ ‘ಏದುಸಿರು’ ಮತ್ತು ‘ಪಕ್ಕೆ ಗುಳಿ’; ಅಜ್ಜಿಯರು ಹೇಳುತ್ತಿದ್ದ ಎರಡೇ ಲಕ್ಷಣಗಳು! ವಿಜ್ಞಾನ ಅದಕ್ಕೆ ಅಂಕೆಯನ್ನು ಸೇರಿಸಿತು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ವರ್ಷದೊಳಗಿನ ಮಗುವಿಗೆ 50, ವರ್ಷದಿಂದ ಐದು ವರ್ಷದವರೆಗೆ 40. ಉಸಿರು ಇಷ್ಟು ಮುಟ್ಟಿದರೆ ಅಥವಾ ಮೀರಿದರೆ ಚಿಕಿತ್ಸೆಗೆ ತಡಮಾಡಬಾರದು. ಮಗು ಅಳದೆ, ಹಾಲು ಕುಡಿಯದೆ ನೆಮ್ಮದಿಯಿಂದಿರುವಾಗ ಅಂಗಿ ಮೇಲೆತ್ತಿ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಪಕ್ಕೆ ಒಳಸೆಳೆದರೆ, ಮಗು ಹಾಲು ಬಿಟ್ಟರೆ, ಎಚ್ಚರ ಮಂಕಾದರೆ ಎಣಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು.

ಈ ಲೆಕ್ಕ ನಮ್ಮ ನೆರೆಯ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಪರೀಕ್ಷೆಗೆ ಒಳಗಾಯಿತು. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ಕಾಡುಸೀಮೆಯ 58 ಹಳ್ಳಿಗಳಲ್ಲಿ ತಾಯಿತಂದೆಯರಿಗೆ ಈ ರೋಗದ ಗುರುತನ್ನು ತಿಳಿಸಿದರು. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಸೂಲಗಿತ್ತಿಯರಿಗೂ ಮದ್ದು ಕೊಡುವ ವಿಧಾನವನ್ನು ಕಲಿಸಿದರು. ಐವತ್ತರವರೆಗೆ ಎಣಿಸಲು ಬಾರದ ಸೂಲಗಿತ್ತಿಯರಿಗಾಗಿ ಒಂದು ನಿಮಿಷದ ಮರಳು ಗಡಿಯಾರವನ್ನೂ ಮಣಿಗಳ ಸಾಲನ್ನೂ ಒಂದು ಹಲಗೆಗೆ ಜೋಡಿಸಿದರು. ಹತ್ತು ಉಸಿರಿಗೆ ಒಂದು ಮಣಿ ಸರಿಸುತ್ತ ಹೋಗಬೇಕು. ಮರಳು ಇಳಿದು ಮುಗಿಯುವ ಮೊದಲೇ ಕೆಂಪು ಮಣಿಯ ಸರದಿ ಬಂದರೆ ಅದು ನ್ಯೂಮೋನಿಯಾ. 1990ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಹೀಗೆ ಚಿಕಿತ್ಸೆ ಪಡೆದ 612 ಪ್ರಕರಣಗಳಲ್ಲಿ ಸತ್ತವರು ನೂರಕ್ಕೆ ಒಬ್ಬರೂ ಇಲ್ಲ, 0.8, ಈ ವ್ಯವಸ್ಥೆ ಇಲ್ಲದ ಹಳ್ಳಿಗಳಲ್ಲಿ ನೂರಕ್ಕೆ 13.5. ಮದ್ದು ಹೊಸದೇನಲ್ಲ, ಬಹುಕಾಲದಿಂದ ಪೇಟೆಯಲ್ಲಿದ್ದದ್ದೇ. ಹೊಸದಾಗಿದ್ದದ್ದು ಬಾಗಿಲಿನ ದೂರ. ಹೋಗಬೇಕಾದ ಜಾಗ ಪಕ್ಕದ ಮನೆಯೇ ಆದಾಗ, ಅಲ್ಲಿರುವವಳು ತನ್ನ ಹೆರಿಗೆ ಮಾಡಿಸಿದ ಹೆಂಗಸೇ ಆದಾಗ, ‘ನಾಳೆ ನೋಡೋಣ’ ಎಂಬ ಮಾತು ತಾನಾಗಿ ಹಿಂದೆ ಸರಿಯುತ್ತದೆ.

ಇಷ್ಟು ಹೇಳಿ ಎರಡನೆಯ ಸಲದ ಪ್ರಶ್ನೆಗೆ ಬರುತ್ತೇನೆ. ಒಂದು ವರ್ಷದಲ್ಲಿ ಎರಡು ಸಲ, ಅಥವಾ ಒಟ್ಟಿನಲ್ಲಿ ಮೂರು ಸಲ ನ್ಯೂಮೋನಿಯಾ ಬಂದು, ನಡುವೆ ಎಕ್ಸ್‌ರೇ ಶುದ್ಧವಾಗಿದ್ದರೆ ಅದನ್ನು ಮರುಕಳಿಸುವ ನ್ಯೂಮೋನಿಯಾ ಎಂದು ವೈದ್ಯರು ಕರೆಯುತ್ತಾರೆ. ಕೆನಡಾದ ಟೊರಾಂಟೊ ಮಕ್ಕಳ ಆಸ್ಪತ್ರೆಯಲ್ಲಿ 1987ರಿಂದ 1997ರವರೆಗೆ ನ್ಯೂಮೋನಿಯಾಕ್ಕಾಗಿ ದಾಖಲಾದ 2,952 ಮಕ್ಕಳಲ್ಲಿ 238 ಮಕ್ಕಳು ಈ ಗುಂಪಿಗೆ ಸೇರಿದ್ದರು. ಅವರಲ್ಲಿ ನೂರಕ್ಕೆ 92 ಮಕ್ಕಳಿಗೆ ಒಳಗೆ ಬೇರೊಂದು ಕಾರಣವಿತ್ತು. ನುಂಗುವುದು ಸರಿಹೋಗದೆ ಹಾಲು ಅನ್ನ ಶ್ವಾಸನಾಳಕ್ಕೆ ಇಳಿಯುವುದು ಅತಿ ಹೆಚ್ಚಿನವರ ಕಾರಣ. ಉಳಿದವರಲ್ಲಿ ರೋಗನಿರೋಧ ಶಕ್ತಿಯ ಕೊರತೆ, ಹೃದಯದ ಹುಟ್ಟುದೋಷ, ಆಸ್ತಮಾ ಮುಂತಾದವು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಇಂಥ ಮಕ್ಕಳಲ್ಲಿ ಬಹುಪಾಲಿಗೆ ಮೂಲಕಾರಣ ಪತ್ತೆಯಾಯಿತು. ಇವು ದೊಡ್ಡ ಆಸ್ಪತ್ರೆಗಳಿಗೆ ಬಂದ ಮಕ್ಕಳ ಲೆಕ್ಕ. ಸೌದೆ ಒಲೆಯ ಹೊಗೆ, ಇಕ್ಕಟ್ಟಾದ ಮನೆ, ಪುಷ್ಟಿ ಸಾಲದ ಮೈ ಇವು ರೋಗವನ್ನು ಮತ್ತೆ ಮತ್ತೆ ಕರೆತರುವ ಮನೆಗಳು ಆ ಲೆಕ್ಕದ ಆಚೆಗೆ ಬಹಳ ಇವೆ.

ಇಲ್ಲಿ ಹೆತ್ತವರ ನಡೆ ಎರಡು ರೀತಿಯಿಂದ ಮುಖ್ಯವಾಗುತ್ತದೆ. ಮೊದಲನೆಯದು ನೆನಪು. ‘ಮತ್ತೆ ಬಂದಿದೆ’ ಎಂಬುದು ಎಕ್ಸ್‌ರೇಯಲ್ಲಿ ಬರೆದಿರುವುದಿಲ್ಲ. ಒಂದು ಸಲ ಬೀದಿಯ ತುದಿಯ ಡಾಕ್ಟರು, ಇನ್ನೊಂದು ಸಲ ತವರೂರಿನ ಡಾಕ್ಟರು, ಮೂರನೆಯ ಸಲ ನೆಂಟರು ಹೇಳಿದ ದೊಡ್ಡ ಡಾಕ್ಟರು ಎಂದು ಬಾಗಿಲು ಬದಲಿಸಿದರೆ, ಮೂವರಿಗೂ ಅದು ಮೊದಲ ನ್ಯೂಮೋನಿಯಾ. ಮೂವರೂ ಸರಿಯಾದ ಮದ್ದನ್ನೇ ಕೊಡುತ್ತಾರೆ, ಮೂರು ಸಲವೂ ಗುಣವಾಗುತ್ತದೆ, ಕಾರಣ ಮಾತ್ರ ಒಳಗೇ ಉಳಿಯುತ್ತದೆ.

ಕಡಲೆಕಾಯಿಯ ಕಥೆಯನ್ನೇ ನೋಡಿ. ಫಿಲಡೆಲ್ಫಿಯಾದ ಶೆವಲಿಯರ್ ಜ್ಯಾಕ್ಸನ್ ಎಂಬ ವೈದ್ಯರು (1865–1958) ಜನರು ನುಂಗಿದ ಮತ್ತು ಉಸಿರಿನೊಡನೆ ಒಳಗೆಳೆದುಕೊಂಡ ವಸ್ತುಗಳನ್ನು ಕೊಳವೆ ಇಳಿಸಿ ತೆಗೆಯುವುದರಲ್ಲಿ ನಿಸ್ಸೀಮರು. ಗುಂಡಿ, ಪಿನ್ನು, ನಾಣ್ಯ, ಬೀಜ ಎಂದು 2,374 ವಸ್ತುಗಳ ಅವರ ಸಂಗ್ರಹ ಆ ನಗರದ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿದೆ. ಶ್ವಾಸನಾಳಕ್ಕೆ ಸಿಕ್ಕಿದ ಕಡಲೆಕಾಯಿ ಬೀಜ ಎಷ್ಟು ಕೆಡುಕು ಮಾಡುತ್ತದೆಂದರೆ, ಅದರಿಂದಾಗುವ ಉರಿಯೂತಕ್ಕೆ ಜ್ಯಾಕ್ಸನ್ ಆ ಬೀಜದ ಹೆಸರನ್ನೇ ಇಟ್ಟರು. ಹೀಗೆ ಸಿಕ್ಕಿದ ಬೀಜದಿಂದ ಶ್ವಾಸಕೋಶದ ಅದೇ ಮೂಲೆಯಲ್ಲಿ ಮತ್ತೆ ಮತ್ತೆ ನ್ಯೂಮೋನಿಯಾ ಆಗಬಹುದು. ಸುಳಿವು ಇರುವುದು ಎಲ್ಲಿ? ‘ಎರಡು ತಿಂಗಳ ಹಿಂದೆ ಕಡಲೆಕಾಯಿ ಸುಲಿಯುವಾಗ ಮಗುವಿಗೆ ಒಮ್ಮೆ ಜೋರಾಗಿ ನೆತ್ತಿಗೇರಿತ್ತು’ ಎಂಬ ತಾಯಿಯ ಒಂದು ಮಾತಿನಲ್ಲಿ. ಕೇಳುವವರಿಲ್ಲದಿದ್ದರೆ ಆ ಮಾತು ಹೊರಬರುವುದಿಲ್ಲ. ಕಡಲೆಕಾಯಿ ಪರಿಷೆಯ ಊರಿನವರಾದ ನಾವು ಇದನ್ನು ವಿಶೇಷವಾಗಿ ನೆನಪಿಡಬೇಕು.

ಎರಡನೆಯದು, ಮೊದಲ ಸಲದ ಅನುಭವ. ಒಮ್ಮೆ ಕಂಡವರು ಎರಡನೆಯ ಸಲ ಬೇಗ ಬರುತ್ತಾರೆಂದು ನಾವು ಎಣಿಸುತ್ತೇವೆ. ಎಷ್ಟೋ ಮನೆಗಳಲ್ಲಿ ಅದು ನಿಜವೂ ಹೌದು. ಆದರೆ ಇದಕ್ಕೆ ವಿರುದ್ಧವಾದದ್ದನ್ನೂ ನಾನು ಕಂಡಿದ್ದೇನೆ. ನಮ್ಮ ಬೀದಿಯಲ್ಲಿ ಹೂ ಮಾರುತ್ತಿದ್ದ ಹೆಂಗಸಿನ ಮಗುವಿಗೆ ಒಮ್ಮೆ ನ್ಯೂಮೋನಿಯಾ ಆಗಿ, ಒಂದು ಆಸ್ಪತ್ರೆಯಲ್ಲಿ ಐದು ದಿನ ಇದ್ದು ಗುಣವಾಗಿತ್ತು. ಮಳೆಗಾಲದಲ್ಲಿ ಅದೇ ಏದುಸಿರು ಮರಳಿತು. ಅವಳು ಮೂರು ದಿನ ಮಗುವನ್ನು ಮನೆಯಲ್ಲೇ ಇಟ್ಟುಕೊಂಡು, ಹಿಂದಿನ ಸಲದ ಸೀಸೆಯಲ್ಲಿ ಉಳಿದಿದ್ದ ಮದ್ದನ್ನು ಚಮಚದಲ್ಲಿ ಕೊಡುತ್ತಿದ್ದಳು. ಆಸ್ಪತ್ರೆಗೆ ಏಕೆ ಹೋಗಲಿಲ್ಲವೆಂದು ಕೇಳಿದೆ. “ಹೋದ ಸಲ ಎಲ್ಲರ ಮುಂದೆ ಬೈದುಬಿಟ್ರು ಕಣಮ್ಮಾ, ಇಷ್ಟು ದಿನ ಏನ್ ಕತ್ತೆ ಕಾಯ್ತಿದ್ಯಾ ಅಂದ್ರು. ಐದು ದಿನ ಯಾಪಾರನೂ ಹೋಯ್ತು. ಈ ಸಲ ಅದೇ ಔಸ್ದಿ ಮನೇಲೇ ಐತಲ್ಲ ಅಂತ ಕೊಟ್ಟೆ” ಎಂದಳು. ಅವಳು ರೋಗವನ್ನು ಗುರುತಿಸಿದ್ದಳು, ಮದ್ದಿನ ಹೆಸರನ್ನೂ ಗುರುತಿಸಿದ್ದಳು. ಅಂದರೆ ಮೊದಲ ಭೇಟಿಯಲ್ಲಿ ಅವಳು ಪಾಠ ಕಲಿತಿದ್ದಳು; ಆಸ್ಪತ್ರೆ ಅವಳಿಗೆ ಕಲಿಸಿದ ಪಾಠವೇ ಅದಾಗಿತ್ತು. ಆ ಸಂಜೆ ನೆರೆಯವರು ಆಟೋ ತಂದು ಮಗುವನ್ನು ಕರೆದೊಯ್ದರು. ಮಗು ಉಳಿಯಿತು.

ತಡವಾಗಿ ಬಂದವರನ್ನು ಬೈಯುವುದು ನಮ್ಮ ಆಸ್ಪತ್ರೆಗಳಲ್ಲಿ ಒಂದು ರೂಢಿಯೇ ಆಗಿದೆ. ಬೈಯುವವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನೀಲಿಗಟ್ಟಿದ ತುಟಿಯ ಮಗುವನ್ನು ಕಂಡ ದಾದಿಗೆ ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟಿನ ಬೆಲೆಯನ್ನು ಮುಂದಿನ ಸಲ ಅದೇ ಮಗು ತೆರಬೇಕಾಗುತ್ತದೆ. ಗುಣವಾಯಿತೆಂದು ಮನೆಗೆ ಕಳುಹಿಸಿದ ಮೇಲೂ ಅಪಾಯ ಪೂರ್ತಿ ತೀರಿರುವುದಿಲ್ಲ. ಢಾಕಾದಲ್ಲಿ ಪುಷ್ಟಿ ಸಾಲದ, ನ್ಯೂಮೋನಿಯಾದಿಂದ ಚೇತರಿಸಿಕೊಂಡ ಮಕ್ಕಳನ್ನು ಬಿಡುಗಡೆಯ ನಂತರ ಮೂರು ತಿಂಗಳು ಹಿಂಬಾಲಿಸಿ ನೋಡಿದಾಗ, ಆ ಅವಧಿಯಲ್ಲಿಯೇ ಕೆಲವು ಮಕ್ಕಳು ತೀರಿಕೊಂಡದ್ದು ಕಂಡುಬಂತು. 2014ರಲ್ಲಿ ಅದರ ವರದಿ ಬಂದಿದೆ. ಹಾಗಿರುವಾಗ ಬಿಡುಗಡೆಯ ಚೀಟಿ ಕೊಡುವಾಗ ಆಡುವ ನಾಲ್ಕು ಒಳ್ಳೆಯ ಮಾತುಗಳನ್ನೂ ಚಿಕಿತ್ಸೆಯ ಒಂದು ಭಾಗವೆಂದೇ ಎಣಿಸಬೇಕು. ಸೀಸೆಯ ಮದ್ದನ್ನು ಹೇಳಿದಷ್ಟು ದಿನವೂ ಕೊಡಿ, ಉಳಿದದ್ದನ್ನು ಇಟ್ಟುಕೊಳ್ಳಬೇಡಿ, ಉಸಿರು ಮತ್ತೆ ಹೆಚ್ಚಿದರೆ ಅದೇ ದಿನ ಬನ್ನಿ, ಬಂದರೆ ಯಾರೂ ಏನೂ ಅನ್ನುವುದಿಲ್ಲ, ಹೇಳಬೇಕಾದದ್ದು ಇಷ್ಟೇ.

ಕಳೆದ ಕೆಲವು ವರ್ಷಗಳಲ್ಲಿ ನಡೆದಿರುವ ಕೆಲಸವನ್ನು ಕಡೆಗಣಿಸುವಂತಿಲ್ಲ. ಹಿಬ್ ಕ್ರಿಮಿಯ ವಿರುದ್ಧದ ಲಸಿಕೆ 2011ರಲ್ಲಿ ತಮಿಳುನಾಡು ಮತ್ತು ಕೇರಳಗಳಿಂದ ಆರಂಭವಾಗಿ ಉಳಿದ ರಾಜ್ಯಗಳಿಗೆ ಹಬ್ಬಿತು. ನ್ಯುಮೋಕಾಕಸ್ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಮೊದಲಾಗಿ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. 2019ರಲ್ಲಿ ಕೇಂದ್ರ ಸರಕಾರ ‘ಸಾನ್ಸ್’ ಎಂಬ ಹೆಸರಿನಿಂದ, ಎಂದರೆ ಉಸಿರು ಎಂಬ ಹೆಸರಿನಿಂದಲೇ, ಒಂದು ಆಂದೋಲನ ಹೂಡಿತು. 1986ರಲ್ಲಿ ಉಸಿರಾಟದ ಸೋಂಕುಗಳಿಂದ ಜಗತ್ತಿನಲ್ಲಿ ವರ್ಷಕ್ಕೆ 40 ಲಕ್ಷ ಎಳೆಯ ಮಕ್ಕಳು ಸಾಯುತ್ತಾರೆಂದು ಅಂದಾಜು ಮಾಡಿದ್ದರು. ಲೆಕ್ಕದ ರೀತಿ ಒಂದೇ ಅಲ್ಲದಿದ್ದರೂ ಅಂದಿಗೂ ಇಂದಿಗೂ ಅಂತರ ದೊಡ್ಡದು.

ಆದರೂ ಬದುಕಿ ಉಳಿದ ಮಗುವಿನ ಕಥೆ ಅಲ್ಲಿಗೇ ಮುಗಿಯುವುದಿಲ್ಲವೆಂಬುದಕ್ಕೆ ಒಂದು ಸಾಕ್ಷ್ಯ ಇತ್ತೀಚೆಗೆ ಬಂದಿದೆ. 1946ರ ಮಾರ್ಚಿಯ ಒಂದು ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದವರನ್ನು ಅಲ್ಲಿಯ ಸಂಶೋಧಕರು ಇಳಿವಯಸ್ಸಿನವರೆಗೆ ಬಿಡದೆ ಅನುಸರಿಸಿದ್ದಾರೆ. ಎರಡು ವರ್ಷ ತುಂಬುವ ಮೊದಲು ಎದೆಯ ಸೋಂಕು ಆಗಿದ್ದವರಲ್ಲಿ, ಮುಂದೆ ದೊಡ್ಡವರಾದ ಮೇಲೆ ಉಸಿರಾಟದ ರೋಗದಿಂದ ಅಕಾಲದಲ್ಲಿ ಸಾಯುವ ಸಂಭವ ಉಳಿದವರಿಗಿಂತ ಸುಮಾರು ಇಮ್ಮಡಿಯಾಗಿತ್ತೆಂದು 2023ರಲ್ಲಿ ಅವರು ಪ್ರಕಟಿಸಿದರು. ತೊಟ್ಟಿಲ ಕಾಲದ ಕೆಮ್ಮು ಎಪ್ಪತ್ತು ವರ್ಷ ದೂರದವರೆಗೆ ನೆರಳು ಚಾಚಬಲ್ಲದು. ಅದು ಎಷ್ಟು ಸಲ ಬಂದಿತ್ತು, ಪ್ರತಿ ಸಲ ಎಷ್ಟು ಬೇಗ ಮದ್ದು ಬಿತ್ತು ಎಂಬ ವಿವರವನ್ನು ನಮ್ಮ ಮನೆಗಳಲ್ಲಿ ಬರೆದಿಡುವವರು ಯಾರು?

ನ್ಯೂಕ್ಯಾಸಲ್ಲಿನಲ್ಲಿ ಅದಕ್ಕೆ ದಾದಿಯರಿದ್ದರು. ನಮ್ಮ ಮನೆಗಳಲ್ಲಿ ಹೆತ್ತವರೇ ಬರೆದಿಡಬೇಕು. ಲಸಿಕೆಯ ಕಾರ್ಡಿನ ಹಿಂದೆ ಒಂದು ಹಾಳೆ ಅಂಟಿಸಿ, ಮಗುವಿಗೆ ನ್ಯೂಮೋನಿಯಾ ಎಂದು ವೈದ್ಯರು ಹೇಳಿದ ತಾರೀಖು, ಕೊಟ್ಟ ಮದ್ದು, ಎಷ್ಟು ದಿನ ಕೊಟ್ಟದ್ದು ಇಷ್ಟನ್ನು ಗುರುತು ಹಾಕಿದರೆ ಸಾಕು. ಎಕ್ಸ್‌ರೇಗಳನ್ನು ಎಸೆಯದೆ ಒಂದೇ ಲಕೋಟೆಯಲ್ಲಿಟ್ಟರೆ ಇನ್ನೂ ಒಳ್ಳೆಯದು. ಇತ್ತ ವೈದ್ಯರು ಎದೆಗೆ ಸ್ಟೆತಾಸ್ಕೋಪು ಇಡುವ ಮೊದಲು, ಎದುರಿಗಿರುವವರು ಓದಿದವರಾಗಲಿ, ಹೂ ಮಾರುವವರಾಗಲಿ, ‘ಇದು ಎಷ್ಟನೆಯ ಸಲ, ತಾಯಿ?’ ಎಂದು ಕೇಳಿ ಉತ್ತರಕ್ಕಾಗಿ ಅರ್ಧ ನಿಮಿಷ ಕಾಯಬೇಕು. ಮರಳಿ ಬಂದ ರೋಗದ ಕಾರಣ ಪತ್ತೆಯಾಗುವುದು ಬಹುಮಟ್ಟಿಗೆ ಆ ಅರ್ಧ ನಿಮಿಷದಲ್ಲಿ.